ಕೂಲಂಬ್ ನಿಯಮದ ಲೆಕ್ಕದಲ್ಲಿ ಮೈನಸ್ ಚಿಹ್ನೆ ಹಾಕಬೇಕಾ, ಬೇಡ್ವಾ?

ಅರಸೀಕೆರೆ_ಪಿಸಿಎಂಬಿ

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯು. ಫಿಸಿಕ್ಸ್‌ನಲ್ಲಿ ಮೊದಲ ಪಾಠವೇ ಸ್ಥಾಯಿ ವಿದ್ಯುತ್ತು. ಥಿಯರಿ ಓದಿದರೆ ಅರ್ಥ ಆಗುತ್ತೆ. ಲೆಕ್ಕಕ್ಕೆ ಕೂತರೆ ಚಿಹ್ನೆ ವಿಷಯದಲ್ಲಿ ನಿಲ್ಲುತ್ತೆ. ಒಂದು ಉದಾಹರಣೆ ಹೇಳ್ತೀನಿ.

ನೇರ ಗೆರೆಯ ಮೇಲೆ ಎಡದಿಂದ ಬಲಕ್ಕೆ ಎ, ಬಿ, ಸಿ ಅಂತ ಮೂರು ಚಾರ್ಜ್ ಇವೆ. ಎ +2 ಮೈಕ್ರೋಕೂಲಂಬ್ (ಮೈಕ್ರೋ ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ), ಬಿ −3, ಸಿ +4. ಎ-ಬಿ ನಡುವೆ 10 ಸೆಂ.ಮೀ., ಬಿ-ಸಿ ನಡುವೆಯೂ 10 ಸೆಂ.ಮೀ. ಬಿ ಮೇಲಿನ ಒಟ್ಟು ಬಲ ಎಷ್ಟು?

ಕೂಲಂಬ್ ಸೂತ್ರಕ್ಕೆ (ಬಲ = 9×10⁹ × ಎರಡು ಚಾರ್ಜ್‌ಗಳ ಗುಣಲಬ್ಧ ÷ ದೂರದ ವರ್ಗ) ಚಿಹ್ನೆ ಸಮೇತ ಹಾಕಿದರೆ ಎ ಇಂದ −5.4 ನ್ಯೂಟನ್, ಸಿ ಇಂದ −10.8 ನ್ಯೂಟನ್. ಕೂಡಿದರೆ −16.2. ಚಿಹ್ನೆ ಬಿಟ್ಟು ಹಾಕಿ ಕೂಡಿದರೆ +16.2. ಗೈಡಿನಲ್ಲಿ ಉತ್ತರ 5.4 ನ್ಯೂಟನ್, ಸಿ ಕಡೆಗೆ ಅಂತಿದೆ. ಕ್ಲಾಸಲ್ಲಿ ಅರ್ಧ ಜನ ಚಿಹ್ನೆ ಹಾಕು ಅಂತಾರೆ, ಇನ್ನರ್ಧ ಬೇಡ ಅಂತಾರೆ. ಎರಡರಲ್ಲೂ 5.4 ಬರ್ತಿಲ್ಲ. ದಯವಿಟ್ಟು ಯಾರಾದರೂ ಹೇಳಿ.

ಮೂಡಿಗೆರೆ_ಮೇಷ್ಟ್ರು

ನೋಡು ಮಗು, ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿ ನಿವೃತ್ತನಾದವನು. ಈ ಪಾಠದಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ ಇದೊಂದೇ ಜಾಗದಲ್ಲಿ.

ಸೂತ್ರದಲ್ಲಿ ಬರುವ ಮೈನಸ್ ನಿನಗೆ ಏನು ಹೇಳುತ್ತೆ? ಇವೆರಡು ಒಂದನ್ನೊಂದು ಎಳೆಯುತ್ತವೆ ಅಂತ ಹೇಳುತ್ತೆ. ಅಷ್ಟೇ. ಎಡಕ್ಕೆ ಎಳೆಯುತ್ತಾ ಬಲಕ್ಕೆ ಎಳೆಯುತ್ತಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದು ಗೊತ್ತಾಗುವುದು ಚಿತ್ರ ನೋಡಿದ ಕಣ್ಣಿಗೆ ಮಾತ್ರ.

ನಿನ್ನ ಲೆಕ್ಕಕ್ಕೇ ಬರೋಣ. ಬಿ ಎಡಗಡೆ ಎ ಇದೆ. ಎ ಪ್ಲಸ್, ಬಿ ಮೈನಸ್. ಹಾಗಾದರೆ ಎ ಬಿಯನ್ನು ತನ್ನ ಕಡೆಗೆ, ಅಂದರೆ ಎಡಕ್ಕೆ ಎಳೆಯುತ್ತೆ. ಬಲಗಡೆ ಸಿ ಇದೆ, ಅದೂ ಪ್ಲಸ್. ಅದು ಬಿಯನ್ನು ಬಲಕ್ಕೆ ಎಳೆಯುತ್ತೆ. ಎರಡೂ ಆಕರ್ಷಣೆಯೇ, ಎರಡಕ್ಕೂ ಮೈನಸ್ಸೇ ಬಂತು. ಆದರೆ ದಿಕ್ಕು ಒಂದಕ್ಕೊಂದು ಎದುರು. ಹಬ್ಬದ ದಿನ ಊರಲ್ಲಿ ಹಗ್ಗ ಜಗ್ಗಾಟ ನೋಡಿರ್ತೀಯ. ಎರಡು ತಂಡದವರೂ ಎಳೆಯೋದೇ, ಯಾರೂ ತಳ್ಳಲ್ಲ. ಅದಕ್ಕಂತ ಎರಡೂ ಕಡೆಯ ಬಲ ಕೂಡಿಸ್ತೀವಾ? ಕಳೆಯುತ್ತೀವಿ. 10.8ರಲ್ಲಿ 5.4 ಕಳೆ. ಉಳಿಯುವುದು 5.4, ಜಾಸ್ತಿ ಎಳೆದವನ ಕಡೆಗೆ, ಅಂದರೆ ಸಿ ಕಡೆಗೆ.

ಹಾಗಾಗಿ ನನ್ನ ಉತ್ತರ: ಬಲದ ಲೆಕ್ಕದಲ್ಲಿ, ಫೀಲ್ಡ್ (ವಿದ್ಯುತ್ ಕ್ಷೇತ್ರ, ಅಂದರೆ ಒಂದು ಕೂಲಂಬ್ ಮೇಲೆ ಬೀಳುವ ಬಲ) ಲೆಕ್ಕದಲ್ಲಿ ಸೂತ್ರಕ್ಕೆ ಚಿಹ್ನೆ ಹಾಕಬೇಡ. ಅದರ ಬದಲು ಚಿಹ್ನೆ ನೋಡಿ ಬಾಣ ಎಳೆ. ಬಾಣ ಮೊದಲು, ಸಂಖ್ಯೆ ಆಮೇಲೆ. ಈ ಕ್ರಮ ತಪ್ಪಿಸಬೇಡ.

ಇನ್ನೊಂದು ವಿಷಯ. ಬಾಣ ಎಳೆಯುವಾಗ ಯಾರ ಮೇಲಿನ ಬಲ ಕೇಳಿದ್ದಾರೋ ಅವರ ಮೇಲೆ ಮಾತ್ರ ಎಳೆ. ಇಲ್ಲಿ ಬಿ ಮೇಲಿನ ಬಲ ಬೇಕು. ಎ ಮತ್ತು ಸಿ ತಮ್ಮತಮ್ಮಲ್ಲಿ ತಳ್ಳಾಡುತ್ತವೆ, ನಿಜ. ಆದರೆ ಅದು ಈ ಲೆಕ್ಕಕ್ಕೆ ಬೇಡ. ಬಿಗೆ ಒಂದು ದುಂಡು ಹಾಕು, ಆ ದುಂಡಿನಿಂದ ಹೊರಡುವ ಬಾಣಗಳು ಮಾತ್ರ ಪೇಪರಿನ ಮೇಲಿರಲಿ.

ಹಾಸನ_ಸಿಇಟಿ_ಕೋಚ್

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಚಿಹ್ನೆ ಹಾಕಲೇಬಾರದು ಅಂತ ಹೇಳಿದರೆ ಪಠ್ಯಪುಸ್ತಕದಲ್ಲಿರುವ ವೆಕ್ಟರ್ ರೂಪ ನೋಡಿ ಮಕ್ಕಳಿಗೆ ಗೊಂದಲ ಆಗುತ್ತೆ. ಅಲ್ಲಿ ಚಾರ್ಜ್‌ಗಳನ್ನು ಚಿಹ್ನೆ ಸಮೇತವೇ ಬರೆಯುತ್ತಾರೆ. ಅದೂ ಸರಿಯೇ.

ವ್ಯತ್ಯಾಸ ಇಷ್ಟೇ. ಆ ಸೂತ್ರದ ಕೊನೆಗೆ ಒಂದು ಏಕಮಾನ ಸದಿಶ ಇರುತ್ತೆ. ಅದು ಬಲ ಕೊಡುವ ಚಾರ್ಜ್‌ನಿಂದ ಬಲ ಪಡೆಯುವ ಚಾರ್ಜ್ ಕಡೆಗೆ ಹೋಗುವ ದಿಕ್ಕು. ಬಲಗಡೆ ಪ್ಲಸ್ ಅಂತ ಇಟ್ಟುಕೊಳ್ಳಿ. ಎ ಇಂದ ಬಿಗೆ ಹೋಗುವ ದಿಕ್ಕು +1. ಚಾರ್ಜ್‌ಗಳ ಗುಣಲಬ್ಧ ಮೈನಸ್. ಹಾಗಾಗಿ ಮೊದಲ ಬಲ −5.4. ಸಿ ಇಂದ ಬಿಗೆ ಹೋಗುವ ದಿಕ್ಕು ಎಡಕ್ಕೆ, ಅಂದರೆ −1. ಗುಣಲಬ್ಧವೂ ಮೈನಸ್. ಮೈನಸ್ ಮೈನಸ್ ಸೇರಿ ಎರಡನೇ ಬಲ +10.8. ಕೂಡಿದರೆ +5.4, ಬಲಕ್ಕೆ. ಉತ್ತರ ಬಂತು.

ಅಂದರೆ ಚಿಹ್ನೆ ಹಾಕುವುದಾದರೆ ಆ ಏಕಮಾನ ಸದಿಶವನ್ನೂ ಜೊತೆಗೆ ತರಬೇಕು. ಅರ್ಧ ತಂದು ಅರ್ಧ ಬಿಟ್ಟರೆ −16.2 ಬರುತ್ತೆ.

ಮೂಡಿಗೆರೆ_ಮೇಷ್ಟ್ರು

ಸರಿಯಾಗಿ ಹೇಳಿದ್ರಿ. ಸೂತ್ರದಲ್ಲಿರುವ ಆ ಏಕಮಾನ ಸದಿಶಕ್ಕೆ ಚಾರ್ಜ್‌ಗಳ ಚಿಹ್ನೆ ಸೇರಿಸಿದರೆ ಬರುವ ದಿಕ್ಕೇ ನಾನು ಹೇಳುವ ಬಾಣ. ಗೆರೆಯ ಮೇಲಿನ ಲೆಕ್ಕಕ್ಕೆ ನಿಮ್ಮ ದಾರಿ ಚೆನ್ನಾಗಿ ನಡೆಯುತ್ತೆ. ತ್ರಿಕೋನ, ಚೌಕ ಬಂದಾಗ ಮಾತ್ರ ಮಕ್ಕಳಿಗೆ ಚಿತ್ರವೇ ಸಲೀಸು.

ಹಾಸನ_ಸಿಇಟಿ_ಕೋಚ್

ಒಪ್ಪಿದೆ. ಇಲ್ಲೇ ಇನ್ನೊಂದು ವಿಷಯ ಸೇರಿಸುತ್ತೇನೆ, ಏಕಮಾನಗಳದ್ದು. ದಿಕ್ಕು ಸರಿ ಇದ್ದರೂ ಅಂಕ ಹೋಗುವುದು ಇಲ್ಲೇ. 10 ಸೆಂ.ಮೀ. ಅಂದರೆ 0.1 ಮೀಟರ್. ಅದರ ವರ್ಗ 0.01. ಕೆಲವರು ಸೆಂಟಿಮೀಟರ್‌ನಲ್ಲೇ ವರ್ಗ ಮಾಡಿ ಆಮೇಲೆ ನೂರರಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ಉತ್ತರ ನೂರು ಪಟ್ಟು ಬೇರೆಯಾಗಿಬಿಡುತ್ತೆ. ವರ್ಗ ಮಾಡಿದ ಮೇಲೆ ಹತ್ತು ಸಾವಿರದಿಂದ ಭಾಗಿಸಬೇಕು.

ಸಿಇಟಿಗೆ ಕೂರುವವರಿಗೆ ಒಂದು ಕಿರುದಾರಿ. ಸ್ಥಿರಾಂಕ 9×10⁹. ಎರಡು ಮೈಕ್ರೋ ಗುಣಿಸಿದರೆ 10⁻¹². ಸೆಂಟಿಮೀಟರ್ ವರ್ಗ ಕೆಳಗಿರುವುದರಿಂದ ಮೇಲೆ 10⁴ ಬರುತ್ತೆ. ಎಲ್ಲಾ ಸೇರಿಸಿದರೆ 9×10¹, ಅಂದರೆ 90. ಹಾಗಾಗಿ ಚಾರ್ಜ್ ಮೈಕ್ರೋಕೂಲಂಬ್‌ನಲ್ಲಿ, ದೂರ ಸೆಂಟಿಮೀಟರ್‌ನಲ್ಲಿ ಇದ್ದರೆ:

ಬಲ = 90 × ಮೊದಲ ಚಾರ್ಜ್ × ಎರಡನೇ ಚಾರ್ಜ್ ÷ ದೂರದ ವರ್ಗ

ಈ ಲೆಕ್ಕಕ್ಕೆ ಹಾಕಿ ನೋಡಿ. 90 × 2 × 3 ÷ 100 = 5.4. 90 × 3 × 4 ÷ 100 = 10.8. ಉತ್ತರ ನೇರವಾಗಿ ನ್ಯೂಟನ್‌ನಲ್ಲೇ ಬರುತ್ತೆ. 80 ನಿಮಿಷದಲ್ಲಿ 60 ಪ್ರಶ್ನೆ ಬಿಡಿಸಬೇಕಾದ ಕಡೆ ಇದು ತುಂಬಾ ಸಮಯ ಉಳಿಸುತ್ತೆ. ಚಾರ್ಜ್‌ಗಳು ಗಾಳಿಯಲ್ಲಿ ಅಥವಾ ನಿರ್ವಾತದಲ್ಲಿ ಇದ್ದಾಗ ಮಾತ್ರ ಈ 90. ಬೇರೆ ಮಾಧ್ಯಮ ಕೊಟ್ಟರೆ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕದಿಂದ (ಆ ಮಾಧ್ಯಮ ಬಲವನ್ನು ಎಷ್ಟು ಪಟ್ಟು ಇಳಿಸುತ್ತೆ ಅನ್ನುವ ಸಂಖ್ಯೆ) ಭಾಗಿಸಿ.

ಮೂಡಿಗೆರೆ_ಮೇಷ್ಟ್ರು

ಚೆನ್ನಾಗಿದೆ. ಆದರೆ ಮಕ್ಕಳೇ, ಬೋರ್ಡ್ ಪರೀಕ್ಷೆಯಲ್ಲಿ 5 ಅಂಕದ ಲೆಕ್ಕಕ್ಕೆ ಇದನ್ನು ಬರೆಯಬೇಡಿ. ಅಲ್ಲಿ ಸೂತ್ರಕ್ಕೆ ಅಂಕ ಇದೆ, ಬೆಲೆ ಹಾಕಿದ್ದಕ್ಕೆ ಅಂಕ ಇದೆ, ಏಕಮಾನ ಬರೆದಿದ್ದಕ್ಕೂ ಇದೆ. ಪೂರ್ತಿ ಬಿಡಿಸಿ ಬರೆಯಿರಿ. ಕೊನೆಗೆ ಅಂಚಿನಲ್ಲಿ 90 ಹಾಕಿ ತಾಳೆ ನೋಡಿಕೊಳ್ಳಿ.

ಕಡೂರಿನ_ಅಮ್ಮ

ನಮಸ್ಕಾರ ಸರ್. ನನ್ನ ಮಗಳೂ ಸೆಕೆಂಡ್ ಪಿಯು. ನಾನು ಬಿಎ ಓದಿದವಳು, ಹೇಳಿಕೊಡೋಕೆ ಬರಲ್ಲ. ಅವಳು ಎರಡು ದಿನದಿಂದ ಒಂದು ಲೆಕ್ಕ ಹಿಡ್ಕೊಂಡು ಕೂತಿದ್ದಾಳೆ. ಅವಳು ಹೇಳಿದ ಹಾಗೇ ಬರೀತೀನಿ.

+4 ಮೈಕ್ರೋಕೂಲಂಬ್ ಮತ್ತು −1 ಮೈಕ್ರೋಕೂಲಂಬ್ ಚಾರ್ಜ್‌ಗಳು 30 ಸೆಂ.ಮೀ. ದೂರದಲ್ಲಿವೆ. ವಿದ್ಯುತ್ ಕ್ಷೇತ್ರ ಸೊನ್ನೆ ಆಗುವ ಬಿಂದು ಎಲ್ಲಿ?

ಅವಳಿಗೆ ಎರಡು ಉತ್ತರ ಬರ್ತಿದೆಯಂತೆ. ಯಾವುದನ್ನ ಇಟ್ಕೋಬೇಕು, ಯಾವುದನ್ನ ಬಿಡಬೇಕು ಅಂತ ಗೊತ್ತಾಗ್ತಿಲ್ಲವಂತೆ.

ಮೂಡಿಗೆರೆ_ಮೇಷ್ಟ್ರು

ಅಮ್ಮಾ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಇದು ಈ ಪಾಠದಲ್ಲೇ ನನಗೆ ತುಂಬಾ ಇಷ್ಟವಾದ ಲೆಕ್ಕ. ಹಾಗಾಗಿ ನಿಧಾನವಾಗಿ ಬರೆಯುತ್ತೇನೆ.

ಎಡಗಡೆ +4 ಇರಲಿ, ಬಲಗಡೆ −1. ಸಮೀಕರಣ ಬರೆಯುವ ಮೊದಲು ಗೆರೆಯನ್ನು ಮೂರು ಭಾಗ ಮಾಡಿ. +4ರ ಎಡಗಡೆ, ಎರಡರ ಮಧ್ಯ, −1ರ ಬಲಗಡೆ. ಪ್ರತಿ ಭಾಗದಲ್ಲೂ ಒಂದು ಪುಟ್ಟ ಪ್ಲಸ್ ಚಾರ್ಜ್ ಇಟ್ಟು, ಅದು ಯಾವ ಕಡೆಗೆ ಹೋಗುತ್ತೆ ಅಂತ ಕೇಳಿಕೊಳ್ಳಿ.

ಮಧ್ಯದಲ್ಲಿ ಇಟ್ಟರೆ +4 ಅದನ್ನು ಬಲಕ್ಕೆ ತಳ್ಳುತ್ತೆ. −1 ಅದನ್ನು ಬಲಕ್ಕೇ ಎಳೆಯುತ್ತೆ. ಎರಡು ಬಾಣವೂ ಒಂದೇ ಕಡೆಗೆ. ಒಂದೇ ಕಡೆಗೆ ಇರುವ ಎರಡು ಬಾಣ ಕೂಡಿ ಸೊನ್ನೆ ಆಗೋದು ಸಾಧ್ಯವೇ ಇಲ್ಲ. ಮಧ್ಯ ಬಿಟ್ಟುಬಿಡಿ.

+4ರ ಎಡಗಡೆ ಇಟ್ಟರೆ ಬಾಣಗಳು ಎದುರುಬದುರು. ಆದರೆ ಅಲ್ಲಿ ದೊಡ್ಡ ಚಾರ್ಜ್ ಹತ್ತಿರ ಇದೆ, ಸಣ್ಣದು ದೂರ. ಸಣ್ಣದು ದೂರದಿಂದ ದೊಡ್ಡದನ್ನು ಸರಿಗಟ್ಟೋದು ಆಗಲ್ಲ. ಅದನ್ನೂ ಬಿಡಿ.

ಉಳಿದದ್ದು −1ರ ಬಲಗಡೆ. ಅಲ್ಲೂ ಬಾಣಗಳು ಎದುರುಬದುರು. ಸಣ್ಣ ಚಾರ್ಜ್ ಹತ್ತಿರ ಇದೆ, ದೊಡ್ಡದು ದೂರ ಇದೆ. ಹಾಗಾಗಿ ಎಲ್ಲೋ ಒಂದು ಕಡೆ ಸಮ ಆಗಬಹುದು. ಉತ್ತರ ಇದ್ದರೆ ಇಲ್ಲೇ ಇರಬೇಕು. ಇನ್ನೂ ಒಂದು ಅಂಕಿ ಬರೆದಿಲ್ಲ, ಗಮನಿಸಿದ್ರಾ?

ಈಗ ಬರೆಯಿರಿ. ಆ ಬಿಂದು −1 ಇಂದ ಇಷ್ಟು ದೂರ ಅಂತ ಇಟ್ಟುಕೊಳ್ಳಿ, ಅದನ್ನು 'ದೂ' ಅನ್ನೋಣ. +4 ಇಂದ ಅದು 30 + ದೂ.

4 ÷ (30 + ದೂ)² = 1 ÷ ದೂ²

ಎರಡೂ ಕಡೆ ವರ್ಗಮೂಲ ತೆಗೆಯಿರಿ. 2 ÷ (30 + ದೂ) = 1 ÷ ದೂ. ಅಂದರೆ 2ದೂ = 30 + ದೂ. ದೂ = 30 ಸೆಂ.ಮೀ. −1 ಚಾರ್ಜ್‌ನಿಂದ ಆಚೆಗೆ 30 ಸೆಂ.ಮೀ.

ನಿಮ್ಮ ಮಗಳಿಗೆ ಬಂದ ಎರಡನೇ ಉತ್ತರ ದೂ = −10 ಇರಬೇಕು, ಅಲ್ವಾ? ವರ್ಗಸಮೀಕರಣ ಬಿಡಿಸಿದರೆ ಅದೂ ಬರುತ್ತೆ. ಅದು −1 ಇಂದ ಒಳಗಡೆಗೆ 10 ಸೆಂ.ಮೀ., ಅಂದರೆ ಮಧ್ಯದ ಒಂದು ಬಿಂದು. ಅದು ಸುಮ್ನೆ ಬಂದ ಉತ್ತರ ಅಲ್ಲ. ಅಲ್ಲಿ +4ರ ಫೀಲ್ಡ್ ಲೆಕ್ಕ ಹಾಕಿ ನೋಡಿ. ದೂರ 20 ಸೆಂ.ಮೀ., ಫೀಲ್ಡ್ 9 ಲಕ್ಷ ನ್ಯೂಟನ್ ಪ್ರತಿ ಕೂಲಂಬ್. −1ರದು, ದೂರ 10 ಸೆಂ.ಮೀ., ಅದೂ 9 ಲಕ್ಷ. ಪ್ರಮಾಣ ಪಕ್ಕಾ ಸಮ. ಆದರೆ ಎರಡೂ ಬಲಕ್ಕೇ ಇರುವುದರಿಂದ ಅಲ್ಲಿ ಫೀಲ್ಡ್ 18 ಲಕ್ಷ! ನಾವು ಬರೆದ ಸಮೀಕರಣ ಕೇಳಿದ್ದು ಪ್ರಮಾಣ ಎಲ್ಲಿ ಸಮ ಅಂತ ಮಾತ್ರ. ಅದು ಎರಡು ಜಾಗ ತೋರಿಸಿತು. ದಿಕ್ಕು ನೋಡಿ ಒಂದನ್ನು ಆರಿಸೋದು ನಮ್ಮ ಕೆಲಸ.

ಕಡೂರಿನ_ಅಮ್ಮ

ಸರ್, ಮಗಳಿಗೆ ಅರ್ಥ ಆಯ್ತಂತೆ. ತುಂಬಾ ಥ್ಯಾಂಕ್ಸ್. ಅವಳದು ಇನ್ನೊಂದು ಪ್ರಶ್ನೆ. ಇದೇ ಲೆಕ್ಕದಲ್ಲಿ ಪೊಟೆನ್ಶಿಯಲ್ ಸೊನ್ನೆ ಎಲ್ಲಿ ಅಂತ ಕೇಳಿದರೂ ಇದೇ ಉತ್ತರನಾ ಅಂತ.

ಹಾಸನ_ಸಿಇಟಿ_ಕೋಚ್

ಅಲ್ಲ ಮೇಡಂ, ಬೇರೆ ಬರುತ್ತೆ. ಪೊಟೆನ್ಶಿಯಲ್, ಅಂದರೆ ವಿಭವ (ಒಂದು ಕೂಲಂಬ್‌ಗೆ ಎಷ್ಟು ಸ್ಥಿತಿಶಕ್ತಿ ಅನ್ನುವುದು), ಅದಕ್ಕೆ ದಿಕ್ಕಿಲ್ಲ. ಅದು ಅದಿಶ. ಹಾಗಾಗಿ ಅಲ್ಲಿ ಬಾಣ ಬೇಡ, ಚಿಹ್ನೆ ಹಾಕಲೇಬೇಕು. ಮೊದಲು ಪ್ರಶ್ನೆ ಕೇಳಿದವರಿಗೂ ಇದು ಅನ್ವಯ ಆಗುತ್ತೆ. ಬಲ ಮತ್ತು ಫೀಲ್ಡ್‌ಗೆ ಚಿಹ್ನೆ ಬಾಣವಾಗುತ್ತೆ. ವಿಭವಕ್ಕೆ, ಸ್ಥಿತಿಶಕ್ತಿಗೆ ಚಿಹ್ನೆ ಚಿಹ್ನೆಯಾಗಿಯೇ ಸೂತ್ರದೊಳಗೆ ಹೋಗುತ್ತೆ.

ದೂರದ ವರ್ಗವೂ ಇಲ್ಲ, ಬರೀ ದೂರ. +4ರ ವಿಭವ ಮತ್ತು −1ರ ವಿಭವ ಕೂಡಿ ಸೊನ್ನೆ ಆಗಬೇಕಾದರೆ +4 ಇಂದ ಇರುವ ದೂರ −1 ಇಂದ ಇರುವ ದೂರದ ನಾಲ್ಕು ಪಟ್ಟು ಆಗಬೇಕು. ಮಧ್ಯದಲ್ಲಿ −1 ಇಂದ 6 ಸೆಂ.ಮೀ. ಅಂದರೆ +4 ಇಂದ 24. ನಾಲ್ಕು ಪಟ್ಟು ಸರಿ. ಹೊರಗಡೆ −1 ಇಂದ 10 ಸೆಂ.ಮೀ. ಅಂದರೆ +4 ಇಂದ 40. ಅದೂ ಸರಿ. ಗೆರೆಯ ಮೇಲೆ ಎರಡು ಬಿಂದು, ಎರಡೂ ಉತ್ತರವೇ. ಒಂದನ್ನೂ ಬಿಡೋ ಹಾಗಿಲ್ಲ.

ಫೀಲ್ಡ್ ಸೊನ್ನೆ ಇದ್ದ ಕಡೆ, ಅಂದರೆ ಹೊರಗೆ 30 ಸೆಂ.ಮೀ. ದೂರದಲ್ಲಿ ವಿಭವ ಸೊನ್ನೆ ಅಲ್ಲ. ಇದನ್ನು ಬಹು ಆಯ್ಕೆ ಪ್ರಶ್ನೆಯಾಗಿ ಕೇಳೋಕೆ ತುಂಬಾ ಸುಲಭ, ನೆನಪಿಟ್ಟುಕೊಳ್ಳಿ.

ಚಿಕ್ಕಮಗಳೂರು_ಕಾಫಿಪುಡಿ

ನಾನು ಓದು ಬಿಟ್ಟು ತುಂಬಾ ವರ್ಷ ಆಯ್ತು. ಕಾಫಿಪುಡಿ ಅಂಗಡಿ ಇದೆ. ಈ ಚರ್ಚೆ ಓದಿ ಒಂದು ಕೇಳೋಣ ಅನ್ನಿಸಿತು. ಬೀಜ ಹುರಿದು ಪುಡಿ ಮಾಡಿದಾಗ ಪುಡಿ ಮೆಷಿನ್ನಿನ ಬಾಯಿಗೆ, ಪ್ಲಾಸ್ಟಿಕ್ ಡಬ್ಬಕ್ಕೆ ಅಂಟಿಕೊಳ್ಳುತ್ತೆ. ತಟ್ಟಿದರೂ ಬೀಳಲ್ಲ. ಚೆನ್ನಾಗಿ ಕಪ್ಪಗೆ ಹುರಿದ ಬೀಜ ಆದರೆ ಇನ್ನೂ ಜಾಸ್ತಿ. ಮಳೆಗಾಲದಲ್ಲಿ ಈ ಕಾಟ ಕಡಿಮೆ. ಇದೂ ನೀವು ಹೇಳ್ತಿರೋ ಚಾರ್ಜೇನಾ?

ಮೂಡಿಗೆರೆ_ಮೇಷ್ಟ್ರು

ಅದೇ ಸ್ವಾಮಿ, ಸಂಶಯವೇ ಬೇಡ. ಬೀಜ ಒಡೆಯುವಾಗ, ಚೂರುಗಳು ಒಂದಕ್ಕೊಂದು ಉಜ್ಜುವಾಗ ಪುಡಿಯ ಕಣಗಳಿಗೆ ಚಾರ್ಜ್ ಬರುತ್ತೆ. ಆ ಕಣ ಡಬ್ಬದ ಗೋಡೆ ಹತ್ತಿರ ಹೋದಾಗ ಗೋಡೆಯಲ್ಲಿ ಎದುರು ಚಾರ್ಜ್ ಪ್ರೇರಿತವಾಗಿ ಅಂಟಿಕೊಳ್ಳುತ್ತೆ. ಕಣ ಎಷ್ಟು ಹಗುರ ಅಂದರೆ ಅದರ ತೂಕಕ್ಕಿಂತ ಈ ಎಳೆತವೇ ಜಾಸ್ತಿ. ಅದಕ್ಕೇ ತಟ್ಟಿದರೂ ಬೀಳಲ್ಲ.

ನೀವು ಗಮನಿಸಿದ್ದು ಸರಿಯಾಗಿದೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು ಇದನ್ನೇ ಅಳೆದು 2023ರಲ್ಲಿ ಪ್ರಕಟಿಸಿದರು. ಬೀಜದಲ್ಲಿ ಉಳಿದಿರುವ ನೀರಿನ ಅಂಶ ಕಡಿಮೆ ಆದಷ್ಟೂ ಚಾರ್ಜ್ ಜಾಸ್ತಿ. ಕಪ್ಪಗೆ ಹುರಿದದ್ದರಲ್ಲಿ ನೀರು ಕಡಿಮೆ, ಹಾಗಾಗಿ ಅದು ಜಾಸ್ತಿ ಅಂಟುತ್ತೆ. ಪುಡಿ ಮಾಡುವ ಮೊದಲು ಬೀಜಕ್ಕೆ ಸ್ವಲ್ಪ ನೀರು ತಾಗಿಸಿದರೆ ಚಾರ್ಜ್ ತುಂಬಾ ಇಳಿಯುತ್ತೆ ಅನ್ನುವುದನ್ನೂ ಅವರು ತೋರಿಸಿದರು. ಮನೆಯಲ್ಲಿ ಒಂದು ಹಿಡಿ ಬೀಜ ಪುಡಿ ಮಾಡಿ ಆಗಲೇ ಕುಡಿಯುವವರು ಒಂದೆರಡು ಹನಿ ಹಾಕಿ ನೋಡಬಹುದು. ಅಂಗಡಿಯಲ್ಲಿ ಪುಡಿ ಕಟ್ಟಿ ಇಡುವವರಿಗೆ ನೀರು ಒಳ್ಳೆಯದಲ್ಲ. ನೀವು ಮೆಷಿನ್ನಿಗೆ ಅರ್ಥಿಂಗ್ ಸರಿ ಇದೆಯಾ ಅಂತ ನೋಡಿಸಿ, ಪ್ಲಾಸ್ಟಿಕ್ ಬದಲು ಸ್ಟೀಲ್ ಡಬ್ಬ ಹಿಡಿಯಿರಿ.

ಚಿಕ್ಕಮಗಳೂರು_ಕಾಫಿಪುಡಿ

ಸ್ಟೀಲ್ ಡಬ್ಬ ಇಟ್ಟು ನೋಡ್ತೀನಿ ಸರ್.

ಸಕಲೇಶಪುರ_ವಿಜ್ಞಾನ_ಟೀಚರ್

ಮಳೆಗಾಲದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಹೈಸ್ಕೂಲಿನಲ್ಲಿ ಹೇಳುತ್ತೇನೆ. ನಮ್ಮ ಕಡೆ ಜುಲೈನಲ್ಲಿ ಬಾಚಣಿಗೆ, ಪೇಪರ್ ಚೂರು ತಗೊಂಡು ಕ್ಲಾಸಿಗೆ ಹೋದರೆ ಏನೂ ಆಗಲ್ಲ. ಮಕ್ಕಳು ಪುಸ್ತಕದಲ್ಲಿ ಇರೋದು ಸುಳ್ಳು ಅಂದುಕೊಳ್ಳುತ್ತಾರೆ. ಬೇರೆಯವರು ಹೇಗೆ ಮಾಡುತ್ತೀರಿ?

ಮೂಡಿಗೆರೆ_ಮೇಷ್ಟ್ರು

ಮೇಡಂ, ಮಲೆನಾಡಿನ ಮಳೆಯಲ್ಲಿ ಎಲ್ಲದರ ಮೇಲೂ ನೀರಿನ ಒಂದು ತೆಳು ಪದರ ಕೂತಿರುತ್ತೆ. ಪ್ಲಾಸ್ಟಿಕ್ ತಾನೇ ವಿದ್ಯುತ್ ಹರಿಸಲ್ಲ, ಆದರೆ ಅದರ ಮೇಲಿನ ತೇವ ಹರಿಸುತ್ತೆ. ಉಜ್ಜಿ ಬಂದ ಚಾರ್ಜ್ ಪೇಪರ್ ಹತ್ತಿರ ತರೋದರೊಳಗೆ ಹೋಗಿಬಿಟ್ಟಿರುತ್ತೆ. ಸಾಧ್ಯ ಆದರೆ ಈ ಪ್ರಯೋಗಗಳನ್ನು ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ. ಆಗ ಹಾಸನದ ಒಣಗಾಳಿಯಲ್ಲಿ ಸ್ವೆಟರ್ ಬಿಚ್ಚಿದರೇ ಚಟಪಟ ಅನ್ನುತ್ತೆ.

ಮಳೆಗಾಲದಲ್ಲೇ ಮಾಡಬೇಕು ಅಂದರೆ ಸೆಲ್ಲೋ ಟೇಪ್ ಹಿಡಿಯಿರಿ. ಗೇಣುದ್ದದ ಎರಡು ತುಂಡು ಟೇಪನ್ನು ಮೇಜಿನ ಮೇಲೆ ಬೇರೆ ಬೇರೆ ಅಂಟಿಸಿ. ತುದಿ ಸ್ವಲ್ಪ ಮಡಚಿ ಹಿಡಿ ಮಾಡಿಕೊಳ್ಳಿ. ಎರಡನ್ನೂ ಒಂದೇ ಸಲ ಸರ್ ಅಂತ ಕಿತ್ತು, ನೇತುಹಾಕಿ ಹತ್ತಿರ ತನ್ನಿ. ದೂರ ಸರಿಯುತ್ತವೆ. ಎರಡಕ್ಕೂ ಒಂದೇ ಥರದ ಚಾರ್ಜ್ ಬಂದಿದೆ. ಆಮೇಲೆ ಒಂದರ ಮೇಲೆ ಒಂದು ಅಂಟಿಸಿ, ಜೋಡಿಯಾಗಿ ಎತ್ತಿ, ಒಮ್ಮೆ ಬೆರಳಿನಿಂದ ಸವರಿ, ಆಮೇಲೆ ಎರಡನ್ನು ಬೇರೆ ಮಾಡಿ. ಈಗ ಹತ್ತಿರ ತಂದರೆ ಅಂಟಿಕೊಳ್ಳಲು ಬರುತ್ತವೆ. ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್. ಸಜಾತಿ, ವಿಜಾತಿ ಎರಡೂ ಹತ್ತು ರೂಪಾಯಿ ಟೇಪಿನಲ್ಲಿ ಮುಗಿಯಿತು.

ಬಾಚಣಿಗೆ ಬಗ್ಗೆ ಒಂದು ಮಾತು. ನಮ್ಮ ಮಕ್ಕಳ ತಲೆಯಲ್ಲಿ ಕೊಬ್ಬರಿ ಎಣ್ಣೆ ಇರುತ್ತೆ. ಎಣ್ಣೆ ತಲೆಗೆ ಬಾಚಿದರೆ ಜನವರಿಯಲ್ಲೂ ಸರಿಯಾಗಿ ಚಾರ್ಜ್ ಬರಲ್ಲ. ಪ್ಲಾಸ್ಟಿಕ್ ಸ್ಕೇಲ್ ತಗೊಂಡು ಉಣ್ಣೆ ಬಟ್ಟೆಗೆ ಉಜ್ಜಿಸಿ. ಸ್ಕೇಲ್, ಬಟ್ಟೆ ಎರಡನ್ನೂ ಮೊದಲು ಒಲೆ ಹತ್ತಿರ ಬೆಚ್ಚಗೆ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಸಕಲೇಶಪುರ_ವಿಜ್ಞಾನ_ಟೀಚರ್

ಟೇಪಿನ ವಿಷಯ ಗೊತ್ತಿರಲಿಲ್ಲ. ನಾಳೆಯೇ ಮಾಡಿಸುತ್ತೇನೆ.

ಬೇಲೂರು_ಹುಡುಗ

ನಮಸ್ತೆ. ನಮ್ಮ ಟೆಸ್ಟಿಗೆ ಬಂದ ಲೆಕ್ಕ ಇದು. 1.2 ಗ್ರಾಂ ತೂಕದ ಎರಡು ಚಿಕ್ಕ ಚೆಂಡುಗಳನ್ನು ಒಂದೇ ಮೊಳೆಗೆ 50 ಸೆಂ.ಮೀ. ದಾರದಲ್ಲಿ ನೇತುಹಾಕಿದ್ದಾರೆ. ಎರಡಕ್ಕೂ ಒಂದೇ ಸಮ ಚಾರ್ಜ್ ಕೊಟ್ಟಾಗ 60 ಸೆಂ.ಮೀ. ದೂರ ಸರಿದು ನಿಲ್ಲುತ್ತವೆ. ಚಾರ್ಜ್ ಎಷ್ಟು? ಗುರುತ್ವ ವೇಗೋತ್ಕರ್ಷ 10 ಅಂತ ತಗೋಬಹುದು. ಕೂಲಂಬ್ ಸೂತ್ರದಲ್ಲಿ ಬಲವೂ ಗೊತ್ತಿಲ್ಲ, ಚಾರ್ಜೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡೋದು ಸರ್?

ಹಾಸನ_ಸಿಇಟಿ_ಕೋಚ್

ಶುರು ಮಾಡೋದು ಕೂಲಂಬ್‌ನಿಂದ ಅಲ್ಲ ತಮ್ಮ, ಫಸ್ಟ್ ಪಿಯು ಪಾಠದಿಂದ. ಒಂದು ಚೆಂಡಿನ ಮೇಲೆ ಮೂರು ಬಲ. ಕೆಳಗೆ ತೂಕ, ದಾರದ ಉದ್ದಕ್ಕೆ ಎಳೆತ, ಅಡ್ಡಕ್ಕೆ ವಿದ್ಯುತ್ ಬಲ. ಚೆಂಡು ನಿಂತಿದೆ ಅಂದರೆ ಮೂರೂ ಸರಿದೂಗಿವೆ. ದಾರದ ಎಳೆತದ ಲಂಬ ಭಾಗ ತೂಕಕ್ಕೆ ಸಮ, ಅಡ್ಡ ಭಾಗ ವಿದ್ಯುತ್ ಬಲಕ್ಕೆ ಸಮ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ವಿದ್ಯುತ್ ಬಲ ÷ ತೂಕ = ಕೋನದ ಟ್ಯಾನ್.

ಕೋನ ಕೊಟ್ಟಿಲ್ಲ ಅಂತ ಹೆದರಬೇಡ. ತ್ರಿಕೋನ ನೋಡು. ದಾರ 50, ಅಡ್ಡಕ್ಕೆ 60ರ ಅರ್ಧ 30, ಹಾಗಾದರೆ ಲಂಬ 40. ಟ್ಯಾನ್ ಅಂದರೆ 30 ÷ 40 = 0.75. ತೂಕ 0.012 ನ್ಯೂಟನ್. ವಿದ್ಯುತ್ ಬಲ 0.009 ನ್ಯೂಟನ್. ಈಗ ಕೂಲಂಬ್‌ಗೆ ಬಾ. ಚಾರ್ಜ್‌ನ ವರ್ಗ = 0.009 × 0.36 ÷ 9×10⁹ = 3.6×10⁻¹³. ವರ್ಗಮೂಲ 6×10⁻⁷, ಅಂದರೆ 0.6 ಮೈಕ್ರೋಕೂಲಂಬ್.

ಒಂದು ಎಚ್ಚರಿಕೆ. ಕೂಲಂಬ್‌ನಲ್ಲಿ ದೂರ ಅಂದರೆ ಚೆಂಡಿನಿಂದ ಚೆಂಡಿಗೆ, ಪೂರ್ತಿ 60. ತ್ರಿಕೋನದಲ್ಲಿ ಅರ್ಧ, 30. ಎರಡನ್ನೂ ಚಿತ್ರದ ಮೇಲೆ ಬೇರೆ ಬೇರೆ ಗುರುತು ಮಾಡು. ಕೋನ ಸಣ್ಣದು ಅಂತ ಪ್ರಶ್ನೆಯಲ್ಲಿ ಹೇಳಿದ್ದರೆ ಮಾತ್ರ ಟ್ಯಾನ್ ಬದಲು ಸೈನ್ ಹಾಕಬಹುದು. ಇಲ್ಲಿ ಸೈನ್ 0.6 ಬರುತ್ತೆ, ಟ್ಯಾನ್ 0.75. ತುಂಬಾ ವ್ಯತ್ಯಾಸ.

ಬೇಲೂರು_ಹುಡುಗ

ಸೂಪರ್ ಸರ್. ಇನ್ನೊಂದೇ ಒಂದು. ಒಂದೇ ಅಳತೆಯ ಎರಡು ಲೋಹದ ಗೋಳ, +6 ಮತ್ತು −2 ಮೈಕ್ರೋಕೂಲಂಬ್. ಮುಟ್ಟಿಸಿ ಮತ್ತೆ ಅದೇ ದೂರಕ್ಕೆ ಇಟ್ಟರೆ ಬಲ ಏನಾಗುತ್ತೆ?

ಹಾಸನ_ಸಿಇಟಿ_ಕೋಚ್

ಮುಟ್ಟಿಸಿದಾಗ ಒಟ್ಟು +4. ಒಂದೇ ಅಳತೆ ಆದ್ದರಿಂದ ಸಮ ಪಾಲು, +2 +2. ಮೊದಲು ಗುಣಲಬ್ಧ 12, ಆಕರ್ಷಣೆ. ಈಗ 4, ವಿಕರ್ಷಣೆ. ಬಲ ಮೂರನೇ ಒಂದು ಭಾಗಕ್ಕೆ ಇಳಿಯಿತು, ದಿಕ್ಕು ತಿರುಗಿತು. ದಿಕ್ಕು ತಿರುಗಿದ್ದನ್ನೂ ಬರೆಯಬೇಕು.

ಕಡೂರಿನ_ಅಮ್ಮ

ಎಲ್ಲಾ ಲೆಕ್ಕದಲ್ಲೂ ಮೈಕ್ರೋ ಮೈಕ್ರೋ ಅಂತಿದೆ. ಬರೀ ಒಂದು ಕೂಲಂಬ್ ಅಂತ ಯಾಕೆ ಕೊಡಲ್ಲ ಅಂತ ಮಗಳು ಕೇಳ್ತಿದ್ದಾಳೆ.

ಮೂಡಿಗೆರೆ_ಮೇಷ್ಟ್ರು

ಆ ಮಗುವಿಗೆ ಶಹಬ್ಬಾಸ್ ಹೇಳಿ. ಒಂದೊಂದು ಕೂಲಂಬ್‌ನ ಎರಡು ಚಾರ್ಜ್ ಒಂದು ಮೀಟರ್ ದೂರದಲ್ಲಿಟ್ಟರೆ ಬಲ 9×10⁹ ನ್ಯೂಟನ್. ಸುಮಾರು 9 ಲಕ್ಷ ಟನ್ ತೂಕ. ಅಷ್ಟು ಚಾರ್ಜನ್ನು ಚಿಕ್ಕ ಗೋಳದ ಮೇಲೆ ಹಿಡಿದಿಡೋಕೆ ಆಗಲ್ಲ, ಸುತ್ತಲಿನ ಗಾಳಿಯೇ ಒಡೆದು ಕಿಡಿ ಹಾರಿಬಿಡುತ್ತೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಬರುತ್ತಲ್ಲ, ಅಂಥ ಮೋಡಗಳು ಮಾತ್ರ ಕೂಲಂಬ್‌ಗಟ್ಟಲೆ ಚಾರ್ಜ್ ಹಿಡಿದಿರುತ್ತವೆ. ಒಂದು ಮೈಕ್ರೋಕೂಲಂಬ್ ಕೂಡ ಸಣ್ಣದಲ್ಲ. ಅದರಲ್ಲಿ 6.25×10¹² ಎಲೆಕ್ಟ್ರಾನ್‌ಗಳಷ್ಟು ಚಾರ್ಜ್ ಇದೆ.

ಇದರಿಂದ ಒಂದು ಉಪಯೋಗ ಇದೆ. ಮೈಕ್ರೋಕೂಲಂಬ್ ಲೆಕ್ಕದಲ್ಲಿ ಉತ್ತರ ಕೋಟಿ ನ್ಯೂಟನ್ ಬಂದರೆ ಎಲ್ಲೋ ಘಾತ ಬಿಟ್ಟಿದ್ದೀರಿ ಅಂತ ತಕ್ಷಣ ಗೊತ್ತಾಗಬೇಕು. ಕೂಲಂಬ್ 1785ರಲ್ಲಿ ತನ್ನ ತಿರುಚು ತಕ್ಕಡಿಯಲ್ಲಿ ಅಳೆದದ್ದು ತುಂಬಾ ಸಣ್ಣ ಬಲಗಳನ್ನು. ತೆಳ್ಳನೆ ತಂತಿ ಎಷ್ಟು ತಿರುಚಿಕೊಂಡಿತು ಅಂತ ನೋಡಿ ಬಲ ತಿಳಿದುಕೊಂಡ.

ಬೇಲೂರು_ಹುಡುಗ

ಸರ್, ಈ ಪಾಠ ಮುಂದೆ ಕೆಲಸಕ್ಕೆ ಬರುತ್ತಾ? ಮನೇಲಿ ಇಂಜಿನಿಯರಿಂಗ್ ಅಂತಿದ್ದಾರೆ.

ಹಾಸನ_ಸಿಇಟಿ_ಕೋಚ್

ನಮ್ಮ ಹಾಸನದಲ್ಲೇ ಉದಾಹರಣೆ ಇದೆ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇಲ್ಲಿದೆ. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಆ ಎತ್ತರದಲ್ಲಿ ಉಪಗ್ರಹದ ಮೈ ಮೇಲೆ ಎಲೆಕ್ಟ್ರಾನ್‌ಗಳು ಬಂದು ಕೂತು ಚಾರ್ಜ್ ಬೆಳೆಯುತ್ತೆ. ಒಂದು ಭಾಗಕ್ಕೂ ಪಕ್ಕದ ಭಾಗಕ್ಕೂ ವಿಭವದ ವ್ಯತ್ಯಾಸ ಜಾಸ್ತಿ ಆದರೆ ಕಿಡಿ ಹಾರಿ ಒಳಗಿನ ಸರ್ಕ್ಯೂಟ್ ಹಾಳಾಗಬಹುದು. ಅದಕ್ಕೇ ಉಪಗ್ರಹದ ಹೊರಮೈಯನ್ನು ಆದಷ್ಟು ವಾಹಕವಾಗಿ ಮಾಡಿ ಒಂದಕ್ಕೊಂದು ಜೋಡಿಸಿರುತ್ತಾರೆ. ಆ ವಿನ್ಯಾಸ ಮಾಡುವವರೂ ಈ ಪಾಠದಿಂದಲೇ ಶುರು ಮಾಡಿದವರು.

ಮೂಡಿಗೆರೆ_ಮೇಷ್ಟ್ರು

ಅರಸೀಕೆರೆಯ ಮಗು, ಇದ್ದೀಯಾ? ನಿನಗೊಂದು ಲೆಕ್ಕ. 10 ಸೆಂ.ಮೀ. ಬಾಹುವಿನ ಚೌಕ. ನಾಲ್ಕು ಮೂಲೆಯಲ್ಲೂ +2 ಮೈಕ್ರೋಕೂಲಂಬ್. ಮಧ್ಯದಲ್ಲಿ +1. ಒಂದು ಮೂಲೆಯ ಚಾರ್ಜ್ ತೆಗೆದುಬಿಟ್ಟರೆ ಮಧ್ಯದ ಚಾರ್ಜ್ ಮೇಲಿನ ಬಲ ಎಷ್ಟು, ಯಾವ ಕಡೆಗೆ? ಮೂರು ಬಲ ಹಾಕಿ ಕೋನ ಹಿಡಿದು ಕೂಡಿಸಬೇಡ. ಬಾಣ ನೋಡು.

ಅರಸೀಕೆರೆ_ಪಿಸಿಎಂಬಿ

ಮಾಡಿದೆ ಸರ್. ನಾಲ್ಕೂ ಇದ್ದಾಗ ಎದುರುಬದುರು ಮೂಲೆಗಳು ಒಂದನ್ನೊಂದು ಕಳೆದು ಬಲ ಸೊನ್ನೆ. ಒಂದನ್ನು ತೆಗೆದರೆ ಅದರ ಎದುರು ಮೂಲೆಯ ತಳ್ಳು ಮಾತ್ರ ಉಳಿಯುತ್ತೆ, ಉಳಿದ ಎರಡು ತಮ್ಮಲ್ಲೇ ಕಳೆದುಹೋಗುತ್ತವೆ. ಹಾಗಾಗಿ ಬಲ ಖಾಲಿ ಮೂಲೆಯ ಕಡೆಗೆ. ಕರ್ಣದ ಅರ್ಧದ ವರ್ಗ 50 ಚದರ ಸೆಂ.ಮೀ. 9×10⁹ × 2×10⁻⁶ × 1×10⁻⁶ ÷ 0.005 = 3.6 ನ್ಯೂಟನ್. ಕೋಚ್ ಸರ್ ಹೇಳಿದ ಹಾಗೆ 90 × 2 × 1 ÷ 50 ಹಾಕಿ ತಾಳೆ ನೋಡಿದೆ, 3.6 ಬಂತು.

ಮೂಡಿಗೆರೆ_ಮೇಷ್ಟ್ರು

ಸರಿಯಾಗಿದೆ. ಈಗ ಅದೇ ಮೂರು ಮೂಲೆಗಳಿಂದ ಮಧ್ಯದ ಬಿಂದುವಿನಲ್ಲಿ ಬರುವ ವಿಭವ ಹೇಳು.

ಅರಸೀಕೆರೆ_ಪಿಸಿಎಂಬಿ

ಇಲ್ಲಿ ಬಾಣ ಬೇಡ, ಮೂರೂ ಪ್ಲಸ್, ಸುಮ್ನೆ ಕೂಡೋದು. ದೂರ 7.07 ಸೆಂ.ಮೀ. 3 × 9×10⁹ × 2×10⁻⁶ ÷ 0.0707, ಸುಮಾರು 7.6×10⁵ ವೋಲ್ಟ್.

ಮೂಡಿಗೆರೆ_ಮೇಷ್ಟ್ರು

ಇದೂ ಸರಿ. ಮುಂದಿನ ವಾರ ಗಾಸ್ ನಿಯಮದ ಲೆಕ್ಕಗಳಿಗೆ ಬೇರೆ ಚರ್ಚೆ ತೆರೆಯೋಣ, ಬೇಲೂರಿನವರೂ ಕಡೂರಿನ ಮಗಳೂ ಬನ್ನಿ.